ವೀಸಾ ಬೇಡವೆಂದರೆ ದಾಖಲೆ ಬೇಡವೆಂದಲ್ಲ: ನೇಪಾಳ, ಭೂತಾನಗಳ ಗಡಿ ದಾಟುವವರ ಗಮನಕ್ಕೆ

ರಜೆಯ ದಿನಗಳು ಸಮೀಪಿಸುತ್ತಿದ್ದಂತೆ ಮಹಾನಗರಗಳ ಕನ್ನಡ ಸಂಘಗಳಲ್ಲಿ, ಮಹಿಳಾ ವಿಭಾಗಗಳಲ್ಲಿ, ಭಜನಾ ಮಂಡಳಿಗಳಲ್ಲಿ ಯಾತ್ರೆಯ ಮಾತು ಆರಂಭವಾಗುತ್ತದೆ. ಕಾಶಿ, ಗಯಾ, ಪ್ರಯಾಗಗಳನ್ನು ಕಂಡು ಬಂದವರ ಮುಂದಿನ ಅಪೇಕ್ಷೆ ಬಹುಮಟ್ಟಿಗೆ ನೇಪಾಳದ ಪಶುಪತಿನಾಥ ಮತ್ತು ಮುಕ್ತಿನಾಥ. ಪಶುಪತಿನಾಥನ ಸನ್ನಿಧಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ಕರ್ನಾಟಕದ ಮೂಲದವರೆಂಬುದು ನಮ್ಮವರಿಗೆ ಇನ್ನೊಂದು ಆಕರ್ಷಣೆ. ಬಾಗಮತಿಯ ತೀರದಲ್ಲಿ ಕನ್ನಡದ ನಾಲ್ಕು ಮಾತು ಕೇಳಿಬಂದರೆ ಯಾರಿಗೆ ತಾನೆ ಸಂತೋಷವಾಗದು! ಯಾತ್ರೆಯ ಸಿದ್ಧತೆಯ ಸಭೆಯಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: "ನೇಪಾಳಕ್ಕೆ ವೀಸಾ ಬೇಡವಲ್ಲ, ಆಧಾರ್ ಕಾರ್ಡ್ ಇದ್ದರೆ ಸಾಕಲ್ಲವೆ?"

ಸಾಲದು. ಹದಿನೈದು ವರ್ಷದೊಳಗಿನ ಮಕ್ಕಳು ಮತ್ತು ಅರವತ್ತೈದು ವರ್ಷ ದಾಟಿದ ಹಿರಿಯರ ಹೊರತಾಗಿ ಉಳಿದವರಿಗೆ ಸಾಲದು. ಈ ಉತ್ತರವನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಮಂಡಳಿಯೊಂದು ಕಾಠ್ಮಂಡುವಿಗೆ ಹೊರಟಾಗ ಹೆಸರುಗಳ ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಮೇಲಿತ್ತು. "ಭಾವಚಿತ್ರವುಳ್ಳ ಸರಕಾರಿ ಗುರುತುಚೀಟಿ ತನ್ನಿ" ಎಂದಷ್ಟೇ ಬರೆದಿದ್ದೆ. ಅರವತ್ತನಾಲ್ಕು ವಯಸ್ಸಿನ ಒಬ್ಬ ತಾಯಿ ಆಧಾರ್ ಮತ್ತು ಪ್ಯಾನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಬಂದರು. ಕೌಂಟರಿನಲ್ಲಿ ಎರಡನ್ನೂ ಹಿಂದಿರುಗಿಸಿದರು. ಮತದಾರರ ಚೀಟಿ ಊರಿನ ಕಪಾಟಿನಲ್ಲಿತ್ತು. ಪಾಸ್‌ಪೋರ್ಟ್ ಅವರು ಮಾಡಿಸಿಯೇ ಇರಲಿಲ್ಲ. ಇನ್ನೊಂದು ವರ್ಷ ಕಳೆದಿದ್ದರೆ ಅದೇ ಆಧಾರ್ ಕಾರ್ಡಿನಲ್ಲಿ ಹೋಗಬಹುದಿತ್ತು. ಉಳಿದವರು ಹೊರಟರು, ಅವರು ಟ್ಯಾಕ್ಸಿ ಹಿಡಿದು ಮನೆಗೆ ಮರಳಿದರು. ಕೌಂಟರಿನ ಸಿಬ್ಬಂದಿಯ ತಪ್ಪೇನೂ ಇರಲಿಲ್ಲ, ತಪ್ಪು ನನ್ನ ಪಟ್ಟಿಯದು. ಆ ಕಾರಣದಿಂದಲೇ ಈ ವಿಷಯವನ್ನು ತುಸು ವಿವರವಾಗಿ ಬರೆಯಬೇಕೆನಿಸಿತು.

ಗುರುತು ಬೇರೆ, ಪೌರತ್ವ ಬೇರೆ

ಆಧಾರ್ ಏಕೆ ಸಾಲದು ಎಂಬುದನ್ನು ಅರಿತರೆ ಉಳಿದ ನಿಯಮಗಳನ್ನು ನೆನಪಿಡುವುದು ಸುಲಭ. ದೇಶದೊಳಗೆ ಪ್ರಯಾಣಿಸುವಾಗ ನಮ್ಮನ್ನು ಕೇಳುವ ಪ್ರಶ್ನೆ "ನೀವು ಯಾರು?" ಎಂಬುದು. ಅದಕ್ಕೆ ಆಧಾರ್, ಪ್ಯಾನ್, ವಾಹನ ಚಾಲನೆಯ ಪರವಾನಗಿ, ಯಾವುದಾದರೂ ಉತ್ತರ ಕೊಡಬಲ್ಲದು. ಅಂತರರಾಷ್ಟ್ರೀಯ ಗಡಿಯಲ್ಲಿ ಕೇಳುವ ಪ್ರಶ್ನೆ "ನೀವು ಯಾವ ದೇಶದ ಪ್ರಜೆ?" ಎಂಬುದು. ಈ ಪ್ರಶ್ನೆಗೆ ಆಧಾರ್ ಉತ್ತರ ಕೊಡಲಾರದು. 2016ರ ಆಧಾರ್ ಅಧಿನಿಯಮದ 9ನೆಯ ಕಲಮು ಆಧಾರ್ ಸಂಖ್ಯೆಯು ಪೌರತ್ವಕ್ಕೆ ಪುರಾವೆಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಾಗಿದ್ದವನು ಆ ಕಾಯಿದೆಯ ದೃಷ್ಟಿಯಲ್ಲಿ 'ನಿವಾಸಿ'. ಇಲ್ಲಿ ನೆಲೆಸಿದ ವಿದೇಶೀಯನೂ ಅದನ್ನು ಪಡೆಯಬಹುದು. ಪ್ಯಾನ್ ಕಾರ್ಡ್ ಆದಾಯ ತೆರಿಗೆಗೆ ಸಂಬಂಧಿಸಿದ್ದು. ಚಾಲನಾ ಪರವಾನಗಿ ವಾಹನ ಓಡಿಸುವ ಯೋಗ್ಯತೆಗೆ ಸಂಬಂಧಿಸಿದ್ದು.

ಮತದಾರರ ಗುರುತಿನ ಚೀಟಿಯ ಮಾತು ಹಾಗಲ್ಲ. ಸಂವಿಧಾನದ 326ನೆಯ ಅನುಚ್ಛೇದದ ಪ್ರಕಾರ ಮತದಾನದ ಹಕ್ಕು ಭಾರತದ ಪ್ರಜೆಗೆ ಮಾತ್ರ. ಆದ್ದರಿಂದ ಚುನಾವಣಾ ಆಯೋಗವು ಭಾವಚಿತ್ರ ಸಹಿತ ನೀಡುವ ಚೀಟಿ ಪರೋಕ್ಷವಾಗಿ ಪೌರತ್ವದ ಸೂಚಕವೂ ಆಗುತ್ತದೆ. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಕಳ್ಳ ಮತದಾನವನ್ನು ತಡೆಯಲೆಂದು ಆರಂಭವಾದ ಚೀಟಿಯಿದು. ಪಾಸ್‌ಪೋರ್ಟಿನ ಜೊತೆಗೆ ನಿಂತು ಎರಡು ದೇಶಗಳ ಬಾಗಿಲು ತೆರೆಯುವ ಇನ್ನೊಂದು ಕೀಲಿಕೈ ಅದಾಗುವುದೆಂದು ಅಂದು ಯಾರೂ ಎಣಿಸಿರಲಾರರು.

ಇಲ್ಲಿ ಇನ್ನೊಂದು ಗೊಂದಲವನ್ನೂ ನಿವಾರಿಸಿಕೊಳ್ಳುವುದು ಒಳಿತು. 'ವೀಸಾ ಬೇಡ' ಎಂಬುದೂ 'ಪಾಸ್‌ಪೋರ್ಟ್ ಬೇಡ' ಎಂಬುದೂ ಒಂದೇ ಅಲ್ಲ. ಪಾಸ್‌ಪೋರ್ಟ್ ನಮ್ಮ ಸರಕಾರ ನಮಗೆ ಕೊಡುವ ಗುರುತು. ವೀಸಾ ಇನ್ನೊಂದು ಸರಕಾರ ಕೊಡುವ ಪ್ರವೇಶಾನುಮತಿ. ಮಾರಿಷಸ್‌ಗೆ ಹೋಗುವ ಭಾರತೀಯ ಪ್ರವಾಸಿ ಮುಂಚಿತವಾಗಿ ವೀಸಾ ಪಡೆಯಬೇಕಿಲ್ಲ, ಆದರೆ ಪಾಸ್‌ಪೋರ್ಟ್ ಇಲ್ಲದೆ ಅವನು ವಿಮಾನದ ಮೆಟ್ಟಿಲನ್ನೂ ಹತ್ತಲಾರ. ವೀಸಾವೂ ಬೇಡ, ಪಾಸ್‌ಪೋರ್ಟೂ ಕಡ್ಡಾಯವಲ್ಲ ಎಂಬ ಸೌಕರ್ಯ ಭಾರತೀಯರಿಗೆ ನೇಪಾಳ ಮತ್ತು ಭೂತಾನಗಳ ಮಟ್ಟಿಗೆ ಇರುವ ವಿಶೇಷ.

ಈ ವಿನಾಯಿತಿ ಬಂದ ಬಗೆ

ನಮ್ಮ ಹಿರಿಯರು ಪಾಸ್‌ಪೋರ್ಟನ್ನು 'ರಹದಾರಿ' ಎನ್ನುತ್ತಿದ್ದರು. ಪಾರಸಿ ಮೂಲದ ಈ ಪದದಲ್ಲಿ 'ರಾಹ್' ಎಂದರೆ ದಾರಿ. ದಾರಿಯಲ್ಲಿ ಸಾಗಲು ಪರವಾನಗಿ ಎಂಬ ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆ! ಭಾರತದಲ್ಲಿ ಪಾಸ್‌ಪೋರ್ಟಿನ ಕಟ್ಟುನಿಟ್ಟು ಮೊದಲನೆಯ ಮಹಾಯುದ್ಧದ ಕಾಲದ್ದು. ಯುದ್ಧ ಮುಗಿದ ಮೇಲೆ 1920ರಲ್ಲಿ ಭಾರತ ಪ್ರವೇಶಕ್ಕೆ ಸಂಬಂಧಿಸಿದ ಪಾಸ್‌ಪೋರ್ಟ್ ಅಧಿನಿಯಮ ಬಂದಿತು. ಆದರೆ ದೇಶದಿಂದ ಹೊರಗೆ ಹೋಗುವ ಪ್ರಜೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಬಹುಕಾಲ ಸರಕಾರದ ಇಚ್ಛೆಗೆ ಬಿಟ್ಟ ಸಂಗತಿಯಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಈಗಲೂ ಜಾರಿಯಲ್ಲಿರುವ ಪಾಸ್‌ಪೋರ್ಟ್ ಅಧಿನಿಯಮವನ್ನು ಅಂಗೀಕರಿಸಿತು.

ನೇಪಾಳದೊಂದಿಗೆ ಈ ಕಟ್ಟುನಿಟ್ಟು ಇಲ್ಲದಿರುವುದಕ್ಕೆ ಮುಖ್ಯ ಆಧಾರ 1950ರ ಜುಲೈ 31ರಂದು ಕಾಠ್ಮಂಡುವಿನಲ್ಲಿ ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದ. ಅದರ 7ನೆಯ ಅನುಚ್ಛೇದವು ಉಭಯ ದೇಶಗಳ ಪ್ರಜೆಗಳಿಗೆ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಪರಸ್ಪರ ಸಮಾನ ಸೌಲಭ್ಯಗಳನ್ನು ಒಪ್ಪಿಕೊಂಡಿತು. ಭೂತಾನದೊಂದಿಗಿನ ಒಪ್ಪಂದ 1949ರದ್ದು, 2007ರಲ್ಲಿ ಪರಿಷ್ಕೃತವಾಯಿತು. ನೇಪಾಳದೊಂದಿಗೆ 1751 ಕಿಲೋಮೀಟರ್, ಭೂತಾನದೊಂದಿಗೆ 699 ಕಿಲೋಮೀಟರ್ ಉದ್ದದ ಗಡಿಯನ್ನು ನಮ್ಮ ಕಡೆಯಿಂದ ಸಶಸ್ತ್ರ ಸೀಮಾ ಬಲ ಕಾಯುತ್ತದೆ. ಸುನೌಲಿ, ರಕ್ಸೌಲ್, ಜೋಗಬನಿಗಳಂತಹ ಊರುಗಳಲ್ಲಿ ಬೆಳಿಗ್ಗೆ ಆಚೆ ಹೋಗಿ ಸಂಜೆ ಈಚೆ ಬರುವವರು ಅಸಂಖ್ಯ. ಇತ್ತ ಮಗಳು, ಅತ್ತ ತವರು ಎಂಬಂತಹ ಸಂಬಂಧಗಳು ಅಲ್ಲಿ ಸರ್ವೇಸಾಮಾನ್ಯ.

ಹಾಗಿದ್ದೂ ವಿಮಾನದಲ್ಲಿ ಹೋಗುವವರಿಗೆ ಬಿಗಿ ಏಕೆ? 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸಿನ ಐಸಿ 814 ವಿಮಾನ ಅಪಹರಣಗೊಂಡು ಅಮೃತಸರ, ಲಾಹೋರ್, ದುಬೈಗಳನ್ನು ಸುತ್ತಿ ಕಂದಹಾರ ಸೇರಿದುದನ್ನು ಓದುಗರು ಮರೆತಿರಲಾರರು. ಅದಾದ ಮೇಲೆ ಉಭಯ ದೇಶಗಳ ನಡುವಿನ ವಿಮಾನ ಪ್ರಯಾಣಕ್ಕೆ ನಿಗದಿತ ದಾಖಲೆ ಕಡ್ಡಾಯವಾಯಿತು. ಕಾಯಿದೆಯ ಮಟ್ಟದಲ್ಲಿ ಇತ್ತೀಚಿನ ಬದಲಾವಣೆಯೆಂದರೆ 2025ರ ವಲಸೆ ಮತ್ತು ವಿದೇಶೀಯರ ಅಧಿನಿಯಮ. ಅದು 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದು, ಮೇಲೆ ಹೇಳಿದ 1920ರ ಅಧಿನಿಯಮವೂ ಸೇರಿದಂತೆ ನಾಲ್ಕು ಹಳೆಯ ಶಾಸನಗಳು ರದ್ದಾದವು. ನೇಪಾಳ, ಭೂತಾನಗಳ ಗಡಿಯ ಮೂಲಕ ಬರುವ ಭಾರತೀಯರಿಗಿದ್ದ ವಿನಾಯಿತಿಯನ್ನು ಹೊಸ ವ್ಯವಸ್ಥೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

ನೇಪಾಳಕ್ಕೆ ಏನು ಬೇಕು

ವಯಸ್ಕರು ಒಯ್ಯಬೇಕಾದುದು ಎರಡರಲ್ಲಿ ಒಂದು: ಅವಧಿ ಮುಗಿಯದ ಭಾರತೀಯ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಭಾವಚಿತ್ರ ಸಹಿತ ಮತದಾರರ ಚೀಟಿ. ಮೂಲ ಪ್ರತಿಯನ್ನೇ ಒಯ್ಯಬೇಕು. ನೆರಳಚ್ಚು ಪ್ರತಿಯನ್ನೂ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ನೆಚ್ಚಿಕೊಂಡು ಹೋಗಬಾರದು.

ಮತದಾನದ ವಯಸ್ಸು ಬಾರದ ಮಕ್ಕಳು ಮತದಾರರ ಚೀಟಿಯನ್ನು ಎಲ್ಲಿಂದ ತರಬೇಕು? ಅದಕ್ಕಾಗಿ ಬೇರೆ ವ್ಯವಸ್ಥೆಯಿದೆ. ಹದಿನೈದರಿಂದ ಹದಿನೆಂಟರ ನಡುವಿನವರಿಗೆ ಅವರು ಓದುವ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡಿದ ಗುರುತಿನ ಪ್ರಮಾಣಪತ್ರ ನಡೆಯುತ್ತದೆ. ಶಾಲೆಗೆ ರಜೆ ಬಿದ್ದ ಮೇಲೆ ಮುಖ್ಯೋಪಾಧ್ಯಾಯರನ್ನು ಹುಡುಕಿಕೊಂಡು ಅಲೆಯುವವರನ್ನು ಕಂಡಿದ್ದೇನೆ. ಈ ಪತ್ರವನ್ನು ಪರೀಕ್ಷೆಗೆ ಮೊದಲೇ ಪಡೆಯುವುದು ಜಾಣತನ. ಹದಿನೈದರೊಳಗಿನ ಮಕ್ಕಳು ಮತ್ತು ಅರವತ್ತೈದು ದಾಟಿದವರು ವಯಸ್ಸನ್ನೂ ಗುರುತನ್ನೂ ದೃಢಪಡಿಸುವ ಭಾವಚಿತ್ರವುಳ್ಳ ದಾಖಲೆ ತೋರಿಸಿದರೆ ಸಾಕು. ಪ್ಯಾನ್, ಚಾಲನಾ ಪರವಾನಗಿ, ಪಡಿತರ ಚೀಟಿ, ಕೇಂದ್ರ ಸರಕಾರದ ಆರೋಗ್ಯ ಯೋಜನೆಯ ಚೀಟಿಗಳು ಮೊದಲಿನಿಂದಲೂ ಈ ಪಟ್ಟಿಯಲ್ಲಿದ್ದವು. ಆಧಾರ್ ಇದಕ್ಕೆ ಸೇರಿದ್ದು 2019ರ ಜನವರಿಯಲ್ಲಿ. ಆಗ ಪತ್ರಿಕೆಗಳಲ್ಲಿ ಬಂದ "ನೇಪಾಳ, ಭೂತಾನಗಳಿಗೆ ಇನ್ನು ಆಧಾರ್ ಸಾಕು" ಎಂಬ ಧಾಟಿಯ ಸುದ್ದಿಯ ಮೊದಲ ಭಾಗವಷ್ಟೇ ಜನರ ನೆನಪಿನಲ್ಲಿ ಉಳಿದು, ವಯಸ್ಸಿನ ನಿಬಂಧನೆ ಮರೆತುಹೋಯಿತು. ಈಗಿನ ಗೊಂದಲದ ಬೇರು ಅಲ್ಲಿದೆಯೆಂದು ನನ್ನ ಅಭಿಪ್ರಾಯ.

ಕುಟುಂಬವೊಂದು ಕೂಡಿ ಪ್ರಯಾಣಿಸುವಾಗ ಇನ್ನೊಂದು ಸಡಿಲಿಕೆಯಿದೆ. ವಯಸ್ಕರಲ್ಲಿ ಒಬ್ಬರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇದ್ದು, ಉಳಿದವರ ಬಳಿ ಭಾವಚಿತ್ರವೂ ಪರಸ್ಪರ ಸಂಬಂಧವೂ ಕಾಣುವ ದಾಖಲೆಯಿದ್ದರೆ ಎಲ್ಲರಿಗೂ ಬೇರೆ ಬೇರೆ ದಾಖಲೆಗಾಗಿ ಒತ್ತಾಯಿಸುವುದಿಲ್ಲ. ಆದರೆ ಇದು ಕೊನೆಯ ಗಳಿಗೆಯ ಆಸರೆ, ಯೋಜನೆಯ ತಳಹದಿಯಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಕೌಂಟರಿನ ಮುಂದೆ ನಿಂತು ಸಂಬಂಧವನ್ನು ಸಾಬೀತುಪಡಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಯಾತ್ರಾ ತಂಡದ ಗೆಳತಿಯರು, ನೆರೆಹೊರೆಯವರು ಕುಟುಂಬವೆನಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ರಸ್ತೆಯ ಮಾರ್ಗದಲ್ಲಿ ಗೋರಖಪುರದಿಂದ ಸುನೌಲಿಗೆ ಹೋಗಿ ಗಡಿ ದಾಟುವವರಿಗೆ ತಪಾಸಣೆ ಅಷ್ಟು ಕಠಿಣವಾಗಿ ತೋರದಿರಬಹುದು. ಆದರೂ ಕೇಳಿದಾಗ ತೋರಿಸಲು ಅದೇ ದಾಖಲೆ ಇರಲೇಬೇಕು. ಅಲ್ಲದೆ ಅನೇಕರು ಹೋಗುವಾಗ ಬಸ್ಸಿನಲ್ಲಿ ಹೋಗಿ, ಆಯಾಸಗೊಂಡು ಬರುವಾಗ ವಿಮಾನ ಹಿಡಿಯುವ ನಿರ್ಧಾರ ಮಾಡುತ್ತಾರೆ. ಹೋಗುವಾಗ ಯಾರೂ ಕೇಳದಿದ್ದ ಚೀಟಿಯನ್ನು ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ.

ನೇಪಾಳದಿಂದ ಮೂರನೆಯ ದೇಶಕ್ಕೆ ಹೋಗುವುದಿದ್ದರೆ ಈ ವಿನಾಯಿತಿ ಉಪಯೋಗಕ್ಕೆ ಬಾರದು. ಕಾಠ್ಮಂಡುವಿನ ಮಾರ್ಗವಾಗಿ ಕೈಲಾಸ ಮಾನಸ ಸರೋವರಕ್ಕೆ ಹೋಗುವವರಿಗೆ ಪಾಸ್‌ಪೋರ್ಟೂ ಚೀನದ ವೀಸಾವೂ ಬೇಕೇ ಬೇಕು. ಭಾರತ ಸರಕಾರ ನಡೆಸುವ ಮಾನಸ ಸರೋವರ ಯಾತ್ರೆ 2020ರಿಂದ ನಿಂತು 2025ರಲ್ಲಿ ಪುನರಾರಂಭವಾಗಿರುವುದರಿಂದ ಈ ಮಾತನ್ನು ಹೇಳಬೇಕಾಯಿತು.

ಭೂತಾನದ ರೀತಿ ಬೇರೆ

ಭೂತಾನಕ್ಕೂ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಸಾಕು. ಪಾಸ್‌ಪೋರ್ಟಾದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಆದರೆ ಅಲ್ಲಿ ದಾಖಲೆಯ ಮೇಲೆ ಪ್ರವೇಶ ಪರವಾನಗಿಯನ್ನೂ ಪಡೆಯಬೇಕು. ಪಶ್ಚಿಮ ಬಂಗಾಳದ ಜೈಗಾಂವ್‌ನಿಂದ ಕಾಲ್ನಡಿಗೆಯಲ್ಲಿಯೇ ಫುನ್‌ಶೋಲಿಂಗ್ ತಲುಪಬಹುದು. ಮುಂದೆ ಥಿಂಪು, ಪಾರೋಗಳಿಗೆ ಪರವಾನಗಿ ಬೇಕು. ಹದಿನೆಂಟು ತುಂಬದ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ ಕೇಳುತ್ತಾರೆ, ಅದು ಆಂಗ್ಲ ಭಾಷೆಯಲ್ಲಿರಬೇಕು. ಕೇವಲ ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ ಇರುವ ಹಳೆಯ ಪ್ರಮಾಣಪತ್ರದವರು ಹೊರಡುವ ಮೊದಲೇ ಸರಿಪಡಿಸಿಕೊಳ್ಳಬೇಕು. 2022ರ ಸೆಪ್ಟೆಂಬರಿನಲ್ಲಿ ಗಡಿ ಮತ್ತೆ ತೆರೆದಂದಿನಿಂದ ಭಾರತೀಯ ಪ್ರವಾಸಿಗರು ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಅಭಿವೃದ್ಧಿ ಶುಲ್ಕ ತೆರುತ್ತಿದ್ದಾರೆ.

ಹೆಸರಿನ ಸಮಸ್ಯೆ

ಹೊರನಾಡ ಕನ್ನಡಿಗರಿಗೆ ದಾಖಲೆ ಇಲ್ಲದಿರುವುದಕ್ಕಿಂತ ದಾಖಲೆಗಳಲ್ಲಿ ಹೆಸರು ಹೊಂದದಿರುವುದೇ ದೊಡ್ಡ ತೊಡಕು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲ ಅಕ್ಷರಗಳನ್ನು ಮುಂದಿಟ್ಟು ಕೊನೆಗೆ ಸ್ವಂತ ಹೆಸರು ಬರೆಯುವುದು ರೂಢಿ. ಮಹಾರಾಷ್ಟ್ರದಲ್ಲಿ ಮೊದಲು ಸ್ವಂತ ಹೆಸರು, ನಂತರ ತಂದೆಯ ಅಥವಾ ಪತಿಯ ಹೆಸರು, ಕೊನೆಗೆ ಮನೆತನದ ಹೆಸರು. ಹೀಗಾಗಿ ಊರಿನ ಶಾಲೆಯ ಪ್ರಮಾಣಪತ್ರದಲ್ಲಿ ಎಚ್. ಎಸ್. ರಾಮಚಂದ್ರನಾಗಿದ್ದವನು ಮುಂಬಯಿಯ ಮತದಾರರ ಚೀಟಿಯಲ್ಲಿ ರಾಮಚಂದ್ರ ಸುಬ್ಬರಾವ್ ಹೊಸಹಳ್ಳಿಯಾಗುತ್ತಾನೆ. ಚೆನ್ನೈಯಲ್ಲಿ ನೋಂದಣಿಯಾದವನ ಹೆಸರು ತಮಿಳಿನ ಲಿಪಿಗೆ ಹೋಗಿ ಆಂಗ್ಲಕ್ಕೆ ಮರಳುವಷ್ಟರಲ್ಲಿ ಗಕಾರ ಕಕಾರವಾಗಿರುತ್ತದೆ. ಮೂವರೂ ಒಬ್ಬನೇ ಎಂದು ನಮಗೆ ಗೊತ್ತು, ತಪಾಸಣಾಧಿಕಾರಿಗೆ ಗೊತ್ತಿಲ್ಲ.

ಟಿಕೆಟನ್ನು ಆಧಾರಿನ ಹೆಸರಿಗೆ ಕೊಂಡು ಮತದಾರರ ಚೀಟಿಯೊಂದಿಗೆ ಹೊರಡುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಯಾವ ದಾಖಲೆಯನ್ನು ಗಡಿಯಲ್ಲಿ ತೋರಿಸುವಿರೋ ಅದರಲ್ಲಿರುವಂತೆಯೇ ಟಿಕೆಟಿನಲ್ಲಿ ಹೆಸರಿರಲಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಹೆಸರಿಗೂ ಮನೆತನದ ಹೆಸರಿಗೂ ಪ್ರತ್ಯೇಕ ಸ್ಥಾನವಿದೆ. ಒಂದನ್ನು ಖಾಲಿ ಬಿಟ್ಟರೆ ಮುಂದೆ ಬೇರೆ ದೇಶಗಳಲ್ಲಿ ತೊಂದರೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿರಾಕರಿಸತೊಡಗಿದಾಗ, ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದವರಿಗೆ ಮಾತ್ರ ರಿಯಾಯಿತಿ ದೊರೆಯಿತು. ಕರಾವಳಿಯಿಂದ ದುಬೈಗೆ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ಊರಿನಲ್ಲಿಯೇ ಇದ್ದರೆ ಇಲ್ಲಿಗೆ ವರ್ಗಾಯಿಸಿಕೊಳ್ಳಲು, ಅಕ್ಷರದೋಷ ತಿದ್ದಲು 2022ರ ಆಗಸ್ಟಿನಿಂದ ನಮೂನೆ 8 ಒಂದೇ ಸಾಕಾಗುತ್ತದೆ. ಊರಿನಲ್ಲೊಂದು, ಇಲ್ಲೊಂದು ಎಂದು ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನುಬಾಹಿರವೆಂದು ಬೇರೆ ಹೇಳಬೇಕಿಲ್ಲ.

ಮೊಮ್ಮಕ್ಕಳೊಂದಿಗೆ ಹೋಗುವವರು

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗು ರಜೆಗೆ ಬಂದಿದೆ, ಅದರ ಬಳಿ ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದೆ, ಎಲ್ಲರೂ ಕೂಡಿ ಪಶುಪತಿನಾಥನ ದರ್ಶನಕ್ಕೆ ಹೋಗೋಣವೆಂದು ಅಜ್ಜ ಟಿಕೆಟು ತೆಗೆಸುತ್ತಾರೆ. ಒಸಿಐ ಎಂಬುದರಲ್ಲಿ 'ನಾಗರಿಕ' ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಭಾರತಕ್ಕೆ ಬಂದುಹೋಗಲು ದೊರೆಯುವ ದೀರ್ಘಾವಧಿಯ ಅನುಮತಿ. ನೇಪಾಳದ ದೃಷ್ಟಿಯಲ್ಲಿ ಆ ಮಗು ಅಮೆರಿಕದ ಪ್ರಜೆ. ಅದಕ್ಕೆ ಅಮೆರಿಕದ ಪಾಸ್‌ಪೋರ್ಟೂ ನೇಪಾಳದ ವೀಸಾವೂ ಬೇಕು. ವೀಸಾ ಕಾಠ್ಮಂಡುವಿನಲ್ಲಿ ಇಳಿದ ಮೇಲೆಯೂ ಸಿಗುತ್ತದೆ. ಭೂತಾನದಲ್ಲಿ ವೀಸಾ ಮುಂಚಿತವಾಗಿಯೇ ಆಗಬೇಕು, ಶುಲ್ಕವೂ ಭಾರತೀಯರಿಗಿಂತ ಬಹಳ ಹೆಚ್ಚು. ಹಿಂದಿರುಗುವಾಗ ಭಾರತ ಪ್ರವೇಶಿಸಲು ಪಾಸ್‌ಪೋರ್ಟಿನ ಜೊತೆಗೆ ಒಸಿಐ ಕಾರ್ಡು ಕೈಯಲ್ಲಿರಬೇಕು; ಅದನ್ನು ಮನೆಯ ಕಪಾಟಿನಲ್ಲಿಟ್ಟು ಹೋಗಬಾರದು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೊಂದು ನಮ್ಮ ನಾಡಿನಲ್ಲಿಯೇ ಇದೆ. ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ ವಸಾಹತುಗಳಲ್ಲಿ ಹುಟ್ಟಿ ಬೆಳೆದು ಕನ್ನಡ ಮಾತನಾಡುವ ಅನೇಕರು ವಿದೇಶಕ್ಕೆ ಹೋಗುವುದು ಪಾಸ್‌ಪೋರ್ಟಿನಿಂದಲ್ಲ, ಭಾರತ ಸರಕಾರ ನೀಡುವ ಹಳದಿ ಬಣ್ಣದ ಗುರುತಿನ ಪುಸ್ತಿಕೆಯಿಂದ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳೆಂಬ ನಿಯಮ ಇವರಿಗೂ ಅನ್ವಯಿಸುತ್ತದೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಹೇಳಿದ ಬಳಿಕ ಅಂತಹವರಿಗೆ ಪಾಸ್‌ಪೋರ್ಟಿನ ದಾರಿ ತೆರೆಯಿತು. ಒಂದೇ ಬೀದಿಯ ಇಬ್ಬರು, ಹುಟ್ಟಿದ ದಿನಾಂಕ ಮಾತ್ರ ಬೇರೆ. ಗಡಿಯಲ್ಲಿ ಒಬ್ಬನ ಪುಸ್ತಿಕೆ ನೀಲಿ, ಇನ್ನೊಬ್ಬನದು ಹಳದಿ.

ದಾಖಲೆ ಕಳೆದುಹೋದರೆ

ನೇಪಾಳದಲ್ಲಿರುವಾಗ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಕಳೆದರೆ ಮೊದಲು ಸ್ಥಳೀಯ ಪೊಲೀಸರಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿ ನೀಡುವ ತುರ್ತು ಪ್ರಮಾಣಪತ್ರ ಅಥವಾ ಗುರುತಿನ ಪ್ರಮಾಣಪತ್ರ ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ ಸಲ್ಲುತ್ತದೆ. ನೇಪಾಳದಲ್ಲಿ ನೆಲೆಸಿರುವ ಭಾರತೀಯರಿಗೆ ಅದೇ ಕಚೇರಿ ಕೊಡುವ ನೋಂದಣಿ ಪತ್ರ ಪ್ರಯಾಣಕ್ಕೆ ಸಲ್ಲದು. ಮೂಲ ದಾಖಲೆಗಳ ನೆರಳಚ್ಚು ಪ್ರತಿ ಮತ್ತು ಎರಡು ಭಾವಚಿತ್ರಗಳನ್ನು ಬೇರೆ ಚೀಲದಲ್ಲಿಟ್ಟುಕೊಂಡಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ.

ನಿಬಂಧನೆಗಳು ಆಗಾಗ ಬದಲಾಗುವುದರಿಂದ, ಟಿಕೆಟು ಕೊಳ್ಳುವ ಮುನ್ನ ಆ ರಾಯಭಾರ ಕಚೇರಿಯ ಜಾಲತಾಣವನ್ನೊಮ್ಮೆ ನೋಡುವುದು ಉಚಿತ. ಮೇಲೆ ಹೇಳಿದ ತಾಯಿ ಮರುವರ್ಷ ಪಾಸ್‌ಪೋರ್ಟ್ ಮಾಡಿಸಿಕೊಂಡೇ ಕಾಠ್ಮಂಡುವಿಗೆ ಹೋಗಿಬಂದರು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತೈದು ದಾಟಿತ್ತು, ಆಧಾರ್ ಸಾಕಿತ್ತು. ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ.